ಕಲೆಕ್ಟರ್ ಕಚೇರಿಗೆ ಬಸ್ ಚಾರ್ಜು ಎಷ್ಟು?

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಎಷ್ಟು ದೂರ ಹೇಳಿ? 15 ಕಿಲೋಮೀಟರ್ ಆಸುಪಾಸು. ಬಸ್ಸಲ್ಲಿ ಸೀಟು ಹಿಡಿದು, ಕಂಡಕ್ಟರ್ ಹತ್ರ ಚಿಲ್ಲರೆ ಇಸ್ಕೊಳ್ಳೋದ್ರೊಳಗೆ ಊರು ಬಂದಿರುತ್ತೆ. ಆದರೆ 1956ರ ಅಕ್ಟೋಬರ್ 31ರವರೆಗೆ ಯಳಂದೂರಿನವರು ಕೊಳ್ಳೇಗಾಲಕ್ಕೆ ಹೋಗಿ ಒಂದು ಕಾಫಿ ಕುಡಿದು ಬಂದರೂ ಹೊರರಾಜ್ಯಕ್ಕೆ ಹೋಗಿ ಬಂದ ಲೆಕ್ಕ!

1799ರಲ್ಲಿ ಟಿಪ್ಪು ಮಡಿದ ಮೇಲೆ ಗೆದ್ದವರು ಸೀಮೆ ಹಂಚಿಕೊಂಡರು. ಕೊಳ್ಳೇಗಾಲ ಕಂಪನಿ ಸರ್ಕಾರದ ಪಾಲಾಗಿ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಸೀಮೆಯೂ ಅದರ ಜೊತೆಗೇ ಹೋಯ್ತು. ಯಳಂದೂರು ಮಾತ್ರ ಮೈಸೂರಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು.

ಈ ಹಂಚಿಕೆಯ ಬಿಲ್ಲು ಕಟ್ಟಿದವರು ಯಾರು? ಜಿಲ್ಲಾ ಕಚೇರಿಯಲ್ಲಿ ಕೆಲಸ ಇದ್ದ ರೈತ. ಮೈಸೂರು 60 ಕಿಲೋಮೀಟರ್ ದೂರದಲ್ಲೇ ಇದ್ದರೂ ಅಲ್ಲಿ ಅವನ ಕಲೆಕ್ಟರ್ ಇಲ್ಲ. ಕಲೆಕ್ಟರ್ ಇರೋದು ಕಾಡು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲದಾಚೆಯ ಕೊಯಮತ್ತೂರಲ್ಲಿ. ಒಂದೇ ದಿನಕ್ಕೆ ಮುಗಿಯೋ ಪ್ರಯಾಣವಾ ಅದು? ಒಬ್ಬನೇ ಹೋಗೋ ಹಾಗೂ ಇಲ್ಲ. ಅಕ್ಷರ ಬಲ್ಲ, ತಮಿಳು ಬಲ್ಲ ಒಬ್ಬರು ಜೊತೆಗೆ ಬೇಕು. ಅವರ ಟಿಕೆಟ್ಟು, ತಿಂಡಿ, ಊಟ, ಎಲೆ ಅಡಿಕೆ ಎಲ್ಲಾ ಇವನದೇ. ಸರ್ಕಾರ ಕಂದಾಯಕ್ಕೆ ರಸೀದಿ ಕೊಡ್ತಿತ್ತು, ಈ ಖರ್ಚಿಗೆ ರಸೀದಿ ಎಲ್ಲಿಂದ ಬರಬೇಕು? 157 ವರ್ಷ ನಡೆದದ್ದು ಇದೇ.

1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಏಕೀಕರಣ ಅಂದ್ರೆ ನಮಗೆ ಭಾಷೆ, ಬಾವುಟ, ಭಾಷಣ ನೆನಪಾಗುತ್ತೆ. ಕೊಳ್ಳೇಗಾಲದವರಿಗೆ ಅದು ಬಸ್ ಚಾರ್ಜಿನ ಉಳಿತಾಯವೂ ಹೌದು. ಇದನ್ನ ಸಣ್ಣ ಮಾತು ಅಂತ ನಾನಂತೂ ಒಪ್ಪಲ್ಲ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಗಿ ದಾರಿ ಇನ್ನಷ್ಟು ಕಡಿಮೆ ಆಯ್ತು.

ಇನ್ನು ಹನೂರು. ಮಾದಪ್ಪನ ಬೆಟ್ಟದ ಕಡೆಯವರು ತಾಲ್ಲೂಕು ಕಚೇರಿಯ ಕೆಲಸಕ್ಕೆ ಹನೂರು ದಾಟಿ, ಇನ್ನೂ 25 ಕಿಲೋಮೀಟರ್ ಕೊಳ್ಳೇಗಾಲದವರೆಗೆ ಹೋಗಬೇಕಿತ್ತು. ಹೋಗಿ ಬರೋಕೆ 50 ಕಿಲೋಮೀಟರ್ ದಂಡ. ಮಧ್ಯಾಹ್ನದ ಊಟ ಹೋಟೆಲಲ್ಲೇ. ಹನೂರು ತಾಲ್ಲೂಕು ಅಂತ 2017ರ ಬಜೆಟ್ಟಲ್ಲಿ ಘೋಷಣೆಯಾಗಿ, 2018ರಲ್ಲಿ ಕೆಲಸ ಶುರುವಾಯ್ತು. ಅಂದ್ರೆ ಜಿಲ್ಲಾ ಕಚೇರಿ ಘಾಟಿ ಹತ್ತಿ ಈಚೆಗೆ ಬಂದು 60 ವರ್ಷ ಕಳೆದ ಮೇಲೆ ಈ 50 ಕಿಲೋಮೀಟರ್ ಉಳಿಯಿತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ. ಒಳ್ಳೇದೇ ಆಯ್ತು. ಆದರೆ ಒಂದು ಪಹಣಿಗೆ ಅಂತ ಹೊರಟ ತಾಯಿಯ ಲೆಕ್ಕ ಹಾಕಿ ನೋಡಿ. ಅವತ್ತಿನ ಕೂಲಿ ಹೋಯ್ತು, ಹೋಟೆಲಿನ ಊಟದ ದುಡ್ಡು ಕೊಡಲೇಬೇಕು. ಕೌಂಟರಿನಲ್ಲಿ "ಸರ್ವರ್ ಡೌನಮ್ಮಾ, ನಾಳೆ ಬನ್ನಿ" ಅಂದುಬಿಟ್ಟರೆ, ನಾಳೆಯ ಕೂಲಿ, ನಾಳೆಯ ಊಟ ಮತ್ತೆ ಬೇರೆ.