ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ (ಸಿಗಂದೂರು ಚೌಡೇಶ್ವರಿ ಸೇತುವೆ)

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಶರಾವತಿ ನದಿಯ ಹಿನ್ನೀರಿಗೆ ಅಡ್ಡಲಾಗಿ ನಿರ್ಮಿಸಲಾಗಿರುವ ಈ ಸೇತುವೆಯು ಅಂಬಾರಗೋಡ್ಲು ಮತ್ತು ಕಳಸವಳ್ಳಿ ಗ್ರಾಮಗಳನ್ನು ಸಂಪರ್ಕಿಸುತ್ತದೆ. ಇದು ಸಾಗರದಿಂದ ಸಿಗಂದೂರು ಮಾರ್ಗವಾಗಿ ಕೊಲ್ಲೂರಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 369ಇ ರಲ್ಲಿದೆ.

ಹಿನ್ನೆಲೆ

ಜಲವಿದ್ಯುತ್ ಉತ್ಪಾದನೆಗಾಗಿ ಶರಾವತಿ ನದಿಗೆ ಲಿಂಗನಮಕ್ಕಿಯಲ್ಲಿ ನಿರ್ಮಿಸಿದ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಈ ನೀರನ್ನು ಆಧರಿಸಿದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ನಾಡಿಗೆ ಬೆಳಕು ನೀಡಿದ ಇದೇ ಹಿನ್ನೀರು ಹಲವು ಗ್ರಾಮಗಳನ್ನು ಮುಳುಗಿಸಿತು. ತುಮರಿ ಸೇರಿದಂತೆ ಕರೂರು, ಬಾರಂಗಿ ಹೋಬಳಿಗಳ ಗ್ರಾಮಗಳನ್ನು ತಾಲ್ಲೂಕು ಕೇಂದ್ರದಿಂದ ದೂರ ಮಾಡಿತು.

ಲಾಂಚ್ ಸೇವೆ

ಸೇತುವೆ ನಿರ್ಮಾಣವಾಗುವವರೆಗೆ ಗ್ರಾಮಸ್ಥರು, ಸಿಗಂದೂರು ಶ್ರೀ ಚೌಡೇಶ್ವರಿ ದೇವಾಲಯದ ಭಕ್ತಾದಿಗಳು ಹಾಗೂ ವಾಹನಗಳು ಲಾಂಚ್ ಮೂಲಕವೇ ಹಿನ್ನೀರನ್ನು ದಾಟಬೇಕಾಗಿತ್ತು. ರಾತ್ರಿ ವೇಳೆ ಲಾಂಚ್ ಸಂಚಾರ ಇರುತ್ತಿರಲಿಲ್ಲ. ನೀರಿನ ಮಟ್ಟ ಇಳಿದಾಗ ವಾಹನಗಳನ್ನು ಸಾಗಿಸುವುದು ಸಾಧ್ಯವಾಗುತ್ತಿರಲಿಲ್ಲ. 2023ರ ಜೂನ್ ತಿಂಗಳಿನಲ್ಲಿಯೂ ಇದೇ ಸ್ಥಿತಿ ಉಂಟಾಗಿತ್ತು. ತುರ್ತು ಚಿಕಿತ್ಸೆ ಅಗತ್ಯವಿದ್ದ ರೋಗಿಗಳನ್ನು ಮತ್ತು ಗರ್ಭಿಣಿಯರನ್ನು ರಾತ್ರಿ ಸಾಗರಕ್ಕೆ ಕರೆತರಲು ಅರಣ್ಯದ ನಡುವಿನ ಸುತ್ತು ರಸ್ತೆಯೇ ಗತಿಯಾಗಿತ್ತು.

ಸೇತುವೆಯ ವಿವರ

ಶಂಕುಸ್ಥಾಪನೆ: 2018
ಲೋಕಾರ್ಪಣೆ: 14-07-2025, ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವರಾದ ಶ್ರೀ ನಿತಿನ್ ಗಡ್ಕರಿ ಅವರಿಂದ
ಉದ್ದ: 2.44 ಕಿ.ಮೀ.
ಅಗಲ: 16 ಮೀಟರ್, ದ್ವಿಪಥ
ವೆಚ್ಚ: ಸುಮಾರು 470 ಕೋಟಿ ರೂಪಾಯಿಗಳು

ಸೇತುವೆಯ ಮಧ್ಯಭಾಗವು ಕೇಬಲ್ ಆಧಾರಿತವಾಗಿದೆ. ಎತ್ತರದ ಸ್ತಂಭಗಳಿಂದ ಇಳಿಬಿಟ್ಟ ಉಕ್ಕಿನ ಕೇಬಲ್‌ಗಳು ರಸ್ತೆಯ ಭಾರದ ಒಂದು ಅಂಶವನ್ನು ಹೊರುತ್ತವೆ. ಇದರಿಂದ ಕಂಬಗಳ ನಡುವಿನ ಅಂತರವನ್ನು ಹೆಚ್ಚಿಸಿ, ಆಳವಾದ ನೀರಿನಲ್ಲಿ ನಿಲ್ಲಿಸಬೇಕಾದ ಕಂಬಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದಾಗಿದೆ.

ಸಾರ್ವಜನಿಕರಿಗೆ ಪ್ರಯೋಜನ

ಹಿನ್ನೀರಿನ ಆಚೆಯ ಗ್ರಾಮಗಳ ನಾಗರಿಕರು ಕಂದಾಯ ದಾಖಲೆ, ನೋಂದಣಿ, ಪಿಂಚಣಿ ಮುಂತಾದ ಕೆಲಸಗಳಿಗಾಗಿ ಸಾಗರದ ಕಚೇರಿಗಳಿಗೆ ಬರುವಾಗ ಲಾಂಚ್ ವೇಳೆಯನ್ನು ಅವಲಂಬಿಸಬೇಕಾಗಿಲ್ಲ. ಕಚೇರಿಯಲ್ಲಿ ಕೆಲಸ ಮುಗಿಯುವುದು ತಡವಾದರೂ ಅದೇ ದಿನ ಊರಿಗೆ ಮರಳಬಹುದಾಗಿದೆ. ಸಾಗರದ ಉಪವಿಭಾಗೀಯ ಆಸ್ಪತ್ರೆಗೆ ಆಂಬುಲೆನ್ಸ್ ನೇರವಾಗಿ ತಲುಪಬಹುದಾಗಿದೆ. ಅಡಿಕೆ ಮುಂತಾದ ಬೆಳೆಗಳನ್ನು ಮಾರುಕಟ್ಟೆಗೆ ಸಾಗಿಸಲು ಹಾಗೂ ವಿದ್ಯಾರ್ಥಿಗಳು ಕಾಲೇಜುಗಳಿಗೆ ಹೋಗಿ ಬರಲು ಅನುಕೂಲವಾಗಿದೆ. ಆರು ದಶಕಗಳ ನಂತರ ಈ ಗ್ರಾಮಗಳಿಗೆ ತಮ್ಮ ತಾಲ್ಲೂಕು ಕೇಂದ್ರದೊಂದಿಗೆ ನೇರ ರಸ್ತೆ ಸಂಪರ್ಕ ದೊರೆತಿದೆ.