ಯೂರೋಪಿನ ಒಕ್ಕೂಟವೂ ಕೂಡದೆಹೋದ ಸೈನ್ಯವೂ

ಯೂರೋಪು ಖಂಡದ ರಾಜ್ಯಗಳು ತಮ್ಮೊಳಗಿನ ಕಲಹವನ್ನು ತೊರೆದು ಒಂದು ಒಕ್ಕೂಟವಾಗಿ ಬಾಳಬೇಕೆಂಬ ವಿಚಾರವು ನಿನ್ನೆ ಮೊನ್ನೆಯದಲ್ಲ. 1849ರಲ್ಲಿ ಪ್ಯಾರಿಸ್ ನಗರದಲ್ಲಿ ನೆರೆದಿದ್ದ ಶಾಂತಿ ಸಮ್ಮೇಳನದಲ್ಲಿ ಕವಿ ವಿಕ್ಟರ್ ಹ್ಯೂಗೋ ಅದನ್ನು ಮುಕ್ತಕಂಠದಿಂದ ಸಾರಿದನು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, 1923ರಲ್ಲಿ, ಆಸ್ಟ್ರಿಯದ ತಂದೆಗೂ ಜಪಾನಿನ ತಾಯಿಗೂ ಜನಿಸಿದ ಕೌಂಟ್ ಕೂಡನ್‌ಹೋವ್ ಕಲೆರ್ಗಿ ಎಂಬಾತನು ಇದನ್ನೇ ಕುರಿತು ಒಂದು ಗ್ರಂಥವನ್ನು ಬರೆದು ಚಳವಳಿಯೊಂದನ್ನು ಹೂಡಿದನು. ಕವಿಗಳೂ ಕುಲೀನರೂ ಹೀಗೆ ನುಡಿಯುತ್ತಿದ್ದಷ್ಟು ಕಾಲ ಕೇಳಿದವರು ಚಪ್ಪಾಳೆಯಿಕ್ಕಿ ಮನೆಗೆ ಹೋದರು. ಅಧಿಕಾರದಲ್ಲಿದ್ದ ಮಂತ್ರಿಯೊಬ್ಬರು ಅದನ್ನು ಕಾಗದದ ಮೇಲೆ ಬರೆದು ನೆರೆಯ ಸರ್ಕಾರಗಳಿಗೆ ಕಳುಹಿಸಿದಾಗ ತೊಡಕು ಮೊದಲಾಯಿತು.

ಆ ಮಂತ್ರಿಯೇ ಫ್ರಾನ್ಸಿನ ಅರಿಸ್ಟೀಡ್ ಬ್ರಿಯಾಂ. 1929ರ ಸೆಪ್ಟೆಂಬರ್ 5ರಂದು ಜಿನೀವದ ರಾಷ್ಟ್ರಸಂಘದಲ್ಲಿ ಮಾತನಾಡುತ್ತ, ಯೂರೋಪಿನ ಜನಾಂಗಗಳ ನಡುವೆ ಒಕ್ಕೂಟದ ಸ್ವರೂಪದ ಬಂಧವೊಂದಿರಬೇಕೆಂದು ಅವರು ಸೂಚಿಸಿದರು. ಮರುವರ್ಷದ ಮೇ ತಿಂಗಳಲ್ಲಿ ಇದರ ಲಿಖಿತ ವಿಜ್ಞಾಪನೆಯೂ ಹೊರಟಿತು. ಒಕ್ಕೂಟವಾಗಬೇಕೆಂದು ಅದರಲ್ಲಿ ಹೇಳಿತ್ತು. ಯಾವ ರಾಷ್ಟ್ರದ ಸಾರ್ವಭೌಮತ್ವಕ್ಕೂ ಕಿಂಚಿತ್ತಾದರೂ ಕುಂದು ಬರಲಾಗದೆಂದೂ ಹೇಳಿತ್ತು. ಮೊಸರನ್ನು ಕಡೆಯದೆ ಬೆಣ್ಣೆಯನ್ನು ಬಯಸಿದಂತಾಯಿತು. ಕಾಲವೂ ಕೂಡಿಬರಲಿಲ್ಲ. ಬ್ರಿಯಾಂ ಅವರಿಗೆ ಜರ್ಮನಿಯಲ್ಲಿ ಜೊತೆಯಾಗಿದ್ದ ಸ್ಟ್ರೇಸ್‌ಮನ್ ಆ ಭಾಷಣದ ತರುವಾಯ ತಿಂಗಳು ತುಂಬುವ ಮೊದಲೇ ಮೃತರಾದರು. 1930ರ ಸೆಪ್ಟೆಂಬರಿನ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ 107 ಸ್ಥಾನಗಳು ದೊರೆತುವು. ವಿಜ್ಞಾಪನೆಯು ಒಂದು ಸಮಿತಿಯ ಪಾಲಾಯಿತು. 1932ರಲ್ಲಿ ಬ್ರಿಯಾಂ ಅವರೂ ತೀರಿಕೊಂಡರು.

ಮೈತ್ರಿಗೂ ಒಕ್ಕೂಟಕ್ಕೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಮೈತ್ರಿಯಲ್ಲಿ ಪ್ರತಿಯೊಬ್ಬನ ಬೀಗದ ಕೈ ಅವನವನ ಸೊಂಟದಲ್ಲಿಯೇ ಇರುತ್ತದೆ. ಒಕ್ಕೂಟದಲ್ಲಿ ಯಾವುದೋ ಒಂದು ಕೊಠಡಿಯ ಬೀಗದ ಕೈಯನ್ನಾದರೂ ಎಲ್ಲರೂ ಕೂಡಿ ಬೇರೊಂದು ಕೈಗೆ ಒಪ್ಪಿಸಬೇಕು. ಮನಸ್ಸು ಮುರಿದ ದಿನ ಅದನ್ನು ಕಸಿದುಕೊಳ್ಳುವಂತಿಲ್ಲ. ಇದು ಎಷ್ಟು ಕಠಿನವೆಂಬುದನ್ನು ನಮ್ಮ ದೇಶವೂ ಕಂಡಿದೆ. 1935ರ ಇಂಡಿಯಾ ಶಾಸನವು ಅಖಿಲ ಭಾರತದ ಒಕ್ಕೂಟವೊಂದನ್ನು ವಿಧಿಸಿತ್ತು. ಸಂಸ್ಥಾನಗಳ ಒಟ್ಟು ಜನಸಂಖ್ಯೆಯ ಅರ್ಧದಷ್ಟನ್ನಾದರೂ ಆಳುವ ಅರಸರು ಸೇರಿದಲ್ಲದೆ ಅದು ಜಾರಿಗೆ ಬರುವಂತಿರಲಿಲ್ಲ. ಮಾತುಕತೆಯಲ್ಲಿಯೇ ವರ್ಷಗಳು ಕಳೆದುವು. 1939ರಲ್ಲಿ ಯುದ್ಧವು ಬಂದು ಆ ಪ್ರಸ್ತಾಪವನ್ನೇ ಬದಿಗೊತ್ತಿತು.

ಎರಡನೆಯ ಮಹಾಯುದ್ಧದ ಅನಂತರ ದಾರಿಯು ಬದಲಾಯಿತು. 1950ರ ಮೇ 9ರಂದು ಫ್ರಾನ್ಸಿನ ವಿದೇಶಮಂತ್ರಿ ರಾಬರ್ಟ್ ಶೂಮಾನರು ಒಂದು ಸಣ್ಣ ಪ್ರಕಟಣೆಯನ್ನು ಓದಿದರು. ಅದನ್ನು ರಚಿಸಿದವರಲ್ಲಿ ಮುಖ್ಯರು ಜೀನ್ ಮೊನ್ನೆ, ಬ್ರಾಂದಿ ವರ್ತಕರ ಮನೆಯಲ್ಲಿ ಹುಟ್ಟಿ, ಚುನಾಯಿತ ಪದವಿಯೊಂದನ್ನೂ ಎಂದೂ ಹೊಂದದಿದ್ದವರು. ಪ್ರಕಟಣೆಯಲ್ಲಿ ಕಾವ್ಯವೇನೂ ಇರಲಿಲ್ಲ. ಫ್ರಾನ್ಸು ಜರ್ಮನಿಗಳ ಕಲ್ಲಿದ್ದಲನ್ನೂ ಉಕ್ಕನ್ನೂ ಒಂದೇ ಮೇಲಧಿಕಾರದ ಕೆಳಗೆ ತರಬೇಕು, ಇತರ ದೇಶಗಳೂ ಸೇರಬಹುದು, ಇಷ್ಟೇ. ಆದರೆ ಫಿರಂಗಿಯಾಗುವುದು ಉಕ್ಕು. ಉಕ್ಕನ್ನು ಕರಗಿಸುವುದು ಕಲ್ಲಿದ್ದಲು. ಬ್ರಿಯಾಂ ಅವರು ಮುಟ್ಟಲಾರದಿದ್ದ ಬೀಗದ ಕೈಯನ್ನು ಮೊನ್ನೆ ಸದ್ದಿಲ್ಲದೆ ತೆಗೆದುಕೊಂಡರು. 1951ರ ಏಪ್ರಿಲಿನಲ್ಲಿ ಫ್ರಾನ್ಸು, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡು, ಲಕ್ಸೆಂಬರ್ಗುಗಳು ಒಡಂಬಡಿಕೆಗೆ ಸಹಿ ಹಾಕಿದುವು. ಇಂಗ್ಲೆಂಡು ದೂರ ನಿಂತಿತು.

ಈ ಕಾರ್ಯವನ್ನು ನಡೆಸಿದವರು ಗಡಿನಾಡಿನವರೆಂಬುದು ಕುತೂಹಲಕರವಾಗಿದೆ. ಶೂಮಾನರು ಲಕ್ಸೆಂಬರ್ಗಿನಲ್ಲಿ ಹುಟ್ಟಿ, ಲೊರೇನ್ ಪ್ರಾಂತವು ಜರ್ಮನರ ವಶದಲ್ಲಿದ್ದಾಗ ಜರ್ಮನ್ ಪ್ರಜೆಯಾಗಿದ್ದವರು. ಇಟಲಿಯ ಪ್ರಧಾನಿ ಡೆ ಗಾಸ್ಪೆರಿಯವರು ಆಸ್ಟ್ರಿಯದ ಆಳ್ವಿಕೆಯ ಟ್ರೆಂಟೊ ಪ್ರದೇಶದವರು, ವಿಯೆನ್ನದ ಪಾರ್ಲಿಮೆಂಟಿನಲ್ಲಿ ಕುಳಿತಿದ್ದವರು. ಜರ್ಮನಿಯ ಅಡನಾವರ್ ರೈನ್ ನದಿಯ ದಡದ ಕಲೋನಿನವರು. ಮೂವರೂ ಜರ್ಮನ್ ಭಾಷೆಯನ್ನು ಬಲ್ಲವರು. ಗಡಿಯು ಮನೆಯಂಗಳದಲ್ಲಿ ಅತ್ತಿತ್ತ ಸರಿದಾಡುವುದನ್ನು ಕಂಡವರಿಗೆ ಅದರ ಮೇಲೆ ಭಕ್ತಿ ಕಡಮೆ ಎಂದು ನಮಗೆ ತೋರುತ್ತದೆ.

ಗಣಿಗಳ ಒಡಂಬಡಿಕೆ ಇನ್ನೂ ಸಿದ್ಧವಾಗುತ್ತಿದ್ದಾಗಲೇ ಕೊರಿಯಾದ ಯುದ್ಧವು ಹತ್ತಿತು. ಜರ್ಮನರಿಗೂ ಆಯುಧವನ್ನು ಕೊಡಬೇಕೆಂದು ಅಮೆರಿಕವು ಹಟ ಹಿಡಿಯಿತು. ಐದು ವರ್ಷಗಳ ಹಿಂದೆಯಷ್ಟೇ ಜರ್ಮನರ ಬೂಟುಗಾಲಿನಿಂದ ಪಾರಾದ ಫ್ರೆಂಚರಿಗೆ ಇದು ಕರ್ಣಕಠೋರವಾಗಿತ್ತು. ಅಕ್ಟೋಬರಿನಲ್ಲಿ ಪ್ರಧಾನಿ ಪ್ಲೆವೆನ್ ಒಂದು ಉಪಾಯವನ್ನು ಮುಂದಿಟ್ಟರು: ಜರ್ಮನ್ ಸಿಪಾಯಿಗಳಿರಲಿ, ಜರ್ಮನ್ ಸೈನ್ಯ ಬೇಡ, ಎಲ್ಲ ದೇಶದವರೂ ಒಂದೇ ಸಮವಸ್ತ್ರವನ್ನು ತೊಟ್ಟ ಯೂರೋಪಿನ ಸೈನ್ಯವೊಂದಿರಲಿ. 1952ರ ಮೇ 27ರಂದು ಆರು ದೇಶಗಳೂ ಇದಕ್ಕೆ ಸಹಿಯಿಟ್ಟುವು.

ಇಲ್ಲಿ ಡೆ ಗಾಸ್ಪೆರಿಯವರು ಕೇಳಿದ ಪ್ರಶ್ನೆಯೇ ಇಡೀ ವಿಷಯದ ತಿರುಳು. ಸೈನ್ಯವು ಒಂದಾದರೆ ಅದಕ್ಕೆ ಅಪ್ಪಣೆ ಮಾಡುವವರು ಯಾರು? ಸಂಬಳ ಕೊಡುವ ಬೊಕ್ಕಸ ಯಾವುದು? ತಾಯಂದಿರು ತಮ್ಮ ಮಕ್ಕಳ ಲೆಕ್ಕವನ್ನು ಯಾವ ಸಭೆಯಲ್ಲಿ ಕೇಳಬೇಕು? ಅವರ ಒತ್ತಾಯದಿಂದಲೇ ಒಡಂಬಡಿಕೆಯಲ್ಲಿ 38ನೆಯ ವಿಧಿ ಸೇರಿತು. ಅದನ್ನನುಸರಿಸಿ 1953ರ ಮಾರ್ಚಿನಲ್ಲಿ ಎರಡು ಸಭೆಗಳುಳ್ಳ ರಾಜ್ಯಾಂಗದ ಕರಡೊಂದು ಸಿದ್ಧವಾಯಿತು. ಒಂದು ಸಭೆಯನ್ನು ಜನರೇ ನೇರವಾಗಿ ಆರಿಸುವರೆಂದು ಅದರಲ್ಲಿತ್ತು. ಯೂರೋಪು ನಿಜವಾದ ಒಕ್ಕೂಟಕ್ಕೆ ಅಷ್ಟು ಸಮೀಪವಾಗಿ ಹಿಂದೆಂದೂ ಬಂದಿರಲಿಲ್ಲ.

ಜರ್ಮನಿ, ಹಾಲೆಂಡು, ಬೆಲ್ಜಿಯಂ, ಲಕ್ಸೆಂಬರ್ಗುಗಳು ಸೈನ್ಯದ ಒಡಂಬಡಿಕೆಯನ್ನು ಸ್ಥಿರಪಡಿಸಿದುವು. ಪ್ಯಾರಿಸಿನಲ್ಲಿ ಮಾತ್ರ ಅದು ಎರಡು ವರ್ಷ ಮೇಜಿನ ಮೇಲೆಯೇ ಉಳಿಯಿತು. ಅಷ್ಟರಲ್ಲಿ ಸ್ಟಾಲಿನ್ ಸತ್ತನು, ಕೊರಿಯಾದಲ್ಲಿ ಕದನವು ನಿಂತಿತು, ಇಂಡೋಚೈನದ ಡಿಯೆನ್ ಬಿಯೆನ್ ಫೂ ಕೋಟೆಯು ಬಿದ್ದಿತು. ಭಯವು ತಗ್ಗಿತು, ಅವಮಾನವು ಹೆಚ್ಚಿತು. 1954ರ ಆಗಸ್ಟ್ 30ರಂದು ವಿಷಯವು ಫ್ರೆಂಚ್ ಸಭೆಗೆ ಬಂದಿತು. ಡೆ ಗಾಸ್ಪೆರಿಯವರು ಹನ್ನೊಂದು ದಿನ ಮೊದಲೇ ಕಣ್ಣು ಮುಚ್ಚಿದ್ದರು. ಎಂಬತ್ತೆರಡು ವರ್ಷದ ಎದುವಾರ್ ಎರಿಯೊ ಒಡಂಬಡಿಕೆಯ ವಿರುದ್ಧವಾಗಿ ಮಾತನಾಡಿದರು. 1925ರಲ್ಲಿ ಪ್ರಧಾನಿಯಾಗಿದ್ದಾಗ ಯೂರೋಪಿನ ಸಂಯುಕ್ತ ಸಂಸ್ಥಾನವನ್ನು ಹಾರೈಸಿದ್ದವರು ಇವರೇ! 264ಕ್ಕೆ ಎದುರಾಗಿ 319 ಮತಗಳಿಂದ, ವಿಷಯವನ್ನು ಪೂರ್ತಿಯಾಗಿ ಚರ್ಚಿಸುವುದಕ್ಕೂ ಎಡೆಗೊಡದೆ, ಅದನ್ನು ತಳ್ಳಿಹಾಕಿದರು. ವಿರೋಧಿಗಳು ಎದ್ದು ನಿಂತು ರಾಷ್ಟ್ರಗೀತೆಯನ್ನು ಹಾಡಿದರು. ಫ್ರಾನ್ಸೇ ಹೆತ್ತ ಕೂಸು ಫ್ರಾನ್ಸಿನ ಕೈಯಲ್ಲಿಯೇ ಮಡಿಯಿತು. ಜೊತೆಗೆ ಆ ರಾಜ್ಯಾಂಗದ ಕರಡೂ ಹೋಯಿತು.

ಆ 319 ಮಂದಿಯನ್ನು ಬರಿಯ ಸಂಕುಚಿತ ಬುದ್ಧಿಯವರೆನ್ನಲು ನಾವು ಒಪ್ಪೆವು. ಎಪ್ಪತ್ತು ವರ್ಷಗಳಲ್ಲಿ ಮೂರು ಸಲ ಮನೆಯೊಳಕ್ಕೆ ನುಗ್ಗಿದವನಿಗೆ ಮತ್ತೆ ಕೋವಿ ಕೊಡುವ ಮಾತದು. ಅವನನ್ನು ತೂಗಿ ನಿಲ್ಲಬಲ್ಲ ಇಂಗ್ಲೆಂಡು ಒಕ್ಕೂಟದ ಹೊರಗಿತ್ತು. ಆದರೂ ಅವರು ಪಡೆದುದೇನು? 1955ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿಯು ನ್ಯಾಟೊ ಕೂಟವನ್ನು ಸೇರಿತು. ಆ ವರ್ಷವೇ ಜರ್ಮನ್ ಸಮವಸ್ತ್ರದ ಜರ್ಮನ್ ಸೈನ್ಯ ಹುಟ್ಟಿತು. ಯಾವುದನ್ನು ತಡೆಯಲೆಂದು ಪ್ಲೆವೆನ್ ಯೋಜನೆ ಮೊದಲಾಗಿತ್ತೋ ಅದೇ ಬಂದಿತು.

ಆಮೇಲೆ ಒಕ್ಕೂಟದವರು ಮತ್ತೆ ಸಂತೆಯ ದಾರಿಯನ್ನೇ ಹಿಡಿದರು. 1957ರ ಮಾರ್ಚ್ 25ರಂದು ರೋಮಿನಲ್ಲಿ ಸಾಮಾನ್ಯ ಮಾರುಕಟ್ಟೆಯ ಒಡಂಬಡಿಕೆಯಾಯಿತು. 1999ರಲ್ಲಿ ಏಕನಾಣ್ಯವೂ ಬಂದಿತು. 2005ರಲ್ಲಿ ರಾಜ್ಯಾಂಗವೆಂಬ ಹೆಸರಿನ ಪತ್ರವೊಂದನ್ನು ಜನರ ಮುಂದಿಟ್ಟಾಗ ಫ್ರೆಂಚರೂ ಡಚ್ಚರೂ ಮೂರೇ ದಿನಗಳ ಅಂತರದಲ್ಲಿ ಬೇಡವೆಂದರು. 1973ರಲ್ಲಿ ತಡವಾಗಿ ಸೇರಿದ ಬ್ರಿಟನ್ 2020ರ ಜನವರಿ 31ರಂದು ಹೊರನಡೆಯಿತು. ಉಳಿದ 27 ದೇಶಗಳಿಗೆ ಒಂದೇ ಮಾರುಕಟ್ಟೆಯಿದೆ. ಒಂದು ಪಾರ್ಲಿಮೆಂಟೂ ಇದೆ. ತೆರಿಗೆಯ ವಿಷಯದಲ್ಲಿ ಇಂದಿಗೂ ಒಂದು ದೇಶವು ಬೇಡವೆಂದರೆ ಕೆಲಸವು ನಿಲ್ಲುತ್ತದೆ. ಸೈನ್ಯದ ಬೀಗದ ಕೈಯಾದರೋ 27 ಸೊಂಟಗಳಲ್ಲಿಯೇ ಇದೆ.