ಸಾಲ, ಷರತ್ತು ಮತ್ತು ನಗರಾಡಳಿತ: ಬೋಳಾರದ ನೆಲೆಯಿಂದ ಒಂದು ಅವಲೋಕನ

ಮಂಗಳೂರಿನ ದಕ್ಷಿಣ ಅಂಚಿನಲ್ಲಿ, ನೇತ್ರಾವತಿಯ ಅಳಿವೆಗೆ ಸಮೀಪದಲ್ಲಿರುವ ಬೋಳಾರವು ಮಂಗಳಾದೇವಿ ದೇವಾಲಯದಿಂದಲೂ ಹಂಚಿನ ಕಾರ್ಖಾನೆಗಳಿಂದಲೂ ಪ್ರಸಿದ್ಧವಾದ ಪ್ರದೇಶ. ನಗರಕ್ಕೆ ಕುಡಿಯುವ ನೀರು ಇದೇ ನದಿಯ ಮೇಲ್ಭಾಗದಲ್ಲಿರುವ ತುಂಬೆಯ ಕಿಂಡಿ ಅಣೆಕಟ್ಟಿನಿಂದ ಬರುತ್ತದೆ. ನಗರವು ಬಳಸಿ ಬಿಟ್ಟ ನೀರಿನ ಒಂದು ಪಾಲು ನದಿಯ ಕೆಳಭಾಗವನ್ನು ಸೇರುತ್ತದೆ. ಆದುದರಿಂದ ನೀರು ಸರಬರಾಜು ಮತ್ತು ಒಳಚರಂಡಿಯ ಇತಿಹಾಸವು ಇಲ್ಲಿ ನಗರಾಡಳಿತದ ಇತಿಹಾಸವೂ ಆಗಿದೆ. 20ನೆಯ ಶತಮಾನದ ಕೊನೆಯಲ್ಲಿ ಈ ಇತಿಹಾಸದೊಳಕ್ಕೆ ವಿದೇಶಿ ನೆರವು ಪ್ರವೇಶಿಸಿತು.

ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ನೀಡುವ ನೆರವು 1980ರ ದಶಕದಿಂದ ಹೊಸ ಸ್ವರೂಪ ಪಡೆಯಿತು. ಅಣೆಕಟ್ಟು, ರಸ್ತೆಗಳಿಗೆ ಹಣ ನೀಡುವುದರ ಜೊತೆಗೆ ಆಡಳಿತ ಮತ್ತು ಆರ್ಥಿಕ ನೀತಿಯ ಸುಧಾರಣೆಯನ್ನೇ ಸಾಲದ ಷರತ್ತಾಗಿಸುವ ಕ್ರಮ ಬೆಳೆಯಿತು. ಕರ್ನಾಟಕದಲ್ಲಿ ಇದರ ಸ್ಪಷ್ಟ ನಿದರ್ಶನಗಳೆಂದರೆ ವಿಶ್ವಬ್ಯಾಂಕು 2001ರಲ್ಲಿ 15 ಕೋಟಿ ಡಾಲರು ಹಾಗೂ 2002ರಲ್ಲಿ 10 ಕೋಟಿ ಡಾಲರು ಮಂಜೂರು ಮಾಡಿದ ಆರ್ಥಿಕ ಪುನರ್ರಚನೆಯ ನೆರವುಗಳು. ಎಸ್. ಎಂ. ಕೃಷ್ಣ ನೇತೃತ್ವದ ಸರ್ಕಾರದ ಕಾಲದಲ್ಲಿ, 2002ರಲ್ಲಿ, ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು ರೂಪಿಸಿದ ಮೊದಲ ರಾಜ್ಯವಾಗಿ ಕರ್ನಾಟಕ ಗುರುತಿಸಿಕೊಂಡಿತು. ಆದರೆ ಸುಧಾರಣೆಗಳೆಲ್ಲವೂ ಸಾಲದಿಂದಲೇ ಹುಟ್ಟಿದವೆಂದು ಭಾವಿಸುವುದು ಸರಿಯಲ್ಲ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮ 1999ರದು. ರಾಜ್ಯದ ಮಾಹಿತಿ ಹಕ್ಕು ಅಧಿನಿಯಮ 2000ದ್ದು. ಇವೆರಡೂ ಆ ಸಾಲಗಳಿಗೆ ಮೊದಲೇ ಬಂದವು.

ಮಂಗಳೂರಿಗೆ ಸಂಬಂಧಿಸಿದ ಸಾಲವು ಏಷ್ಯನ್ ಅಭಿವೃದ್ಧಿ ಬ್ಯಾಂಕಿನದು. ಕರ್ನಾಟಕ ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣಾ ಯೋಜನೆಗೆ 1999ರಲ್ಲಿ 17.5 ಕೋಟಿ ಡಾಲರು ಮಂಜೂರಾಯಿತು. ‘ಕುಡ್ಸೆಂಪ್’ ಎಂದು ಜನಬಳಕೆಯಲ್ಲಿದ್ದ ಈ ಯೋಜನೆಯು ಮಂಗಳೂರು, ಉಳ್ಳಾಲ, ಪುತ್ತೂರು, ಉಡುಪಿ, ಕುಂದಾಪುರ, ಭಟ್ಕಳ, ಅಂಕೋಲಾ, ಕಾರವಾರ, ಶಿರಸಿ ಹಾಗೂ ದಾಂಡೇಲಿ ಎಂಬ 10 ಪಟ್ಟಣಗಳನ್ನು ಒಳಗೊಂಡಿತ್ತು. ನೀರು ಸರಬರಾಜು, ಒಳಚರಂಡಿ, ಘನತ್ಯಾಜ್ಯ ವಿಲೇವಾರಿ ಮತ್ತು ರಸ್ತೆಗಳು ಇದರ ಕಣ್ಣಿಗೆ ಕಾಣುವ ಭಾಗ. ಆಸ್ತಿ ತೆರಿಗೆಯ ಸುಧಾರಣೆ, ಲೆಕ್ಕಪತ್ರದ ಕ್ರಮಬದ್ಧತೆ, ವೆಚ್ಚವನ್ನು ಭರಿಸುವಂತಹ ನೀರಿನ ದರ ಇವು ಕಾಣದ ಭಾಗ. ಕೊಳವೆ ಹಾಕುವುದು ಇಂಜಿನಿಯರರ ಕೆಲಸ; ದರ ನಿಗದಿಯಾದರೋ ರಾಜಕೀಯ ನಿರ್ಣಯ.

ಇಲ್ಲಿ ಒಂದು ಕಾಲಸಾಮ್ಯ ಗಮನಾರ್ಹ. ನಗರಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನ ನೀಡಿದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು. ಕುಡ್ಸೆಂಪ್ ಯೋಜನೆಯನ್ನು ಅನುಷ್ಠಾನಗೊಳಿಸಿದ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ ಸ್ಥಾಪಿತವಾದುದೂ ಅದೇ ವರ್ಷ. ಒಂದು ಜನಪ್ರತಿನಿಧಿಗಳ ಸಭೆಗೆ ಅಧಿಕಾರ ನೀಡುವ ದಾರಿ; ಇನ್ನೊಂದು ಕಂಪನಿ ಕಾಯ್ದೆಯಡಿ ನೋಂದಣಿಯಾದ, ರಾಜಧಾನಿಯಲ್ಲಿ ನೆಲೆಸಿದ ಸಂಸ್ಥೆಯ ದಾರಿ. ಸಾಲದ ಹಣ ಎರಡನೆಯ ದಾರಿಯಲ್ಲಿ ಹರಿಯಿತು. ಬ್ಯಾಂಕಿನಿಂದ ಕೇಂದ್ರಕ್ಕೆ, ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ನಿಗಮದ ಮೂಲಕ ಪಟ್ಟಣಗಳಿಗೆ ಅದು ತಲುಪಬೇಕಾಗಿತ್ತು. ಆಗಿನ ಪದ್ಧತಿಯಂತೆ ಕೇಂದ್ರವು ಇಂತಹ ವಿದೇಶಿ ನೆರವನ್ನು ಸಾಮಾನ್ಯ ವರ್ಗದ ರಾಜ್ಯಗಳಿಗೆ ಶೇ. 70 ಸಾಲವಾಗಿಯೂ ಶೇ. 30 ಅನುದಾನವಾಗಿಯೂ ವರ್ಗಾಯಿಸುತ್ತಿತ್ತು. 12ನೆಯ ಹಣಕಾಸು ಆಯೋಗದ ಶಿಫಾರಸಿನ ತರುವಾಯ, 2005ರಿಂದ, ಹೊಸ ಸಾಲಗಳು ಮೂಲ ಷರತ್ತುಗಳೊಡನೆಯೇ ರಾಜ್ಯಗಳಿಗೆ ವರ್ಗವಾಗತೊಡಗಿದವು. ವಿನಿಮಯ ದರದ ಏರಿಳಿತದ ಹೊರೆಯೂ ರಾಜ್ಯದ ಪಾಲಿಗೆ ಬಂದಿತು.

ಹಣದ ಈ ಪಯಣದಲ್ಲಿ ಕಟ್ಟಕಡೆಯ ಠಾವು ಮನೆಯ ನೀರಿನ ಮಾಪಕ. 1980ರಲ್ಲಿ ಮಹಾನಗರ ಪಾಲಿಕೆಯಾದ ಮಂಗಳೂರಿನ 60 ವಾರ್ಡುಗಳಲ್ಲಿ ಬೋಳಾರವೂ ಒಂದು. ಇಲ್ಲಿನ ನಿವಾಸಿಯು ಬ್ಯಾಂಕನ್ನಾಗಲಿ ನಿಗಮವನ್ನಾಗಲಿ ಪ್ರಶ್ನಿಸಲಾರ. ಅವನು ಪ್ರಶ್ನಿಸಬಹುದಾದುದು ತನ್ನ ವಾರ್ಡಿನ ಸದಸ್ಯನನ್ನು. ಆದರೆ ಷರತ್ತುಗಳು ನಿಗದಿಯಾದ ಮೇಜಿನ ಬಳಿ ಆ ಸದಸ್ಯನಿಗೆ ಸ್ಥಾನವಿರಲಿಲ್ಲ. ಉತ್ತರಿಸುವ ಹೊಣೆ ಒಂದೆಡೆ, ನಿರ್ಧರಿಸುವ ಅಧಿಕಾರ ಇನ್ನೊಂದೆಡೆ ಎಂಬ ಈ ಬಿರುಕನ್ನು ಉತ್ತಮ ಆಡಳಿತದ ಹೆಸರಿನ ಯೋಜನೆಯೇ ಅಗಲಗೊಳಿಸಿತೆಂಬುದು ವಿಪರ್ಯಾಸ. 3 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸಂವಿಧಾನವು ವಿಧಿಸಿದ ವಾರ್ಡ್ ಸಮಿತಿಗಳು ಮಂಗಳೂರಿನಲ್ಲಿ ರೂಪುಗೊಳ್ಳಲು 2020ರ ದಶಕದವರೆಗೆ ಕಾಯಬೇಕಾಯಿತು.

ಹಾಗೆಂದು ಸಾಲದ ಫಲವನ್ನು ಅಲ್ಲಗಳೆಯಲಾಗದು. ತುಂಬೆಯಿಂದ ನಗರಕ್ಕೆ ಬರುವ ನೀರಿನ ಪ್ರಮಾಣ ಹೆಚ್ಚಿತು. ಬಜಾಲ್, ಕಾವೂರು, ಸುರತ್ಕಲ್ ಮೊದಲಾದೆಡೆ ಕೊಳಚೆ ನೀರಿನ ಶುದ್ಧೀಕರಣ ಘಟಕಗಳು ನಿರ್ಮಾಣಗೊಂಡವು. ಆದರೂ ಕೆಲಸ ಮುಗಿಯಲಿಲ್ಲ. ಅದೇ ಬ್ಯಾಂಕಿನ ನೆರವಿನಿಂದ ‘ಜಲಸಿರಿ’ ಎಂಬ ನಿರಂತರ ನೀರು ಸರಬರಾಜು ಯೋಜನೆ ಮುಂದಿನ ದಶಕದಲ್ಲಿ ಮಂಗಳೂರನ್ನು ಮತ್ತೆ ತಲುಪಿತು. ಮೊದಲ ಸಾಲದ ಗುರಿಗಳಿಗಾಗಿ ಎರಡನೆಯ ಸಾಲ ಬೇಕಾಯಿತೆಂಬುದು ಕಾಮಗಾರಿಗಿಂತ ನಿರ್ವಹಣೆಯೇ ಕಠಿಣವೆಂಬುದನ್ನು ತೋರಿಸುತ್ತದೆ.

ಒಟ್ಟಿನಲ್ಲಿ, ವಿದೇಶಿ ನೆರವು ಕರಾವಳಿಯ ನಗರಗಳಿಗೆ ಲೆಕ್ಕವಿಡುವ ಶಿಸ್ತನ್ನು ಕಲಿಸಲು ಯತ್ನಿಸಿತು. ಲೆಕ್ಕ ಕೇಳುವ ಅಧಿಕಾರವನ್ನು ನಾಗರಿಕರ ಕೈಗೆ ಒಪ್ಪಿಸಲಿಲ್ಲ. ಅದು ಯಾವ ಬ್ಯಾಂಕಿನಿಂದಲೂ ಕಡವಾಗಿ ದೊರೆಯುವಂಥದ್ದಲ್ಲ. 1993ರಲ್ಲಿಯೇ ಸಂವಿಧಾನವು ಅದನ್ನು ನಗರಗಳಿಗೆ ವಾಗ್ದಾನ ಮಾಡಿತ್ತು.